ಸಿರಿವಂತ ಕುಟುಂಬದ ದತ್ತಿ ಸಂಸ್ಥೆ ಯಾವ ಕೆಲಸಕ್ಕೆ ಹಣ ಕೊಡಬೇಕೆಂದು ಹೇಗೆ ನಿರ್ಧರಿಸುತ್ತದೆ?

ಪ್ರಶ್ನೆ: ವಿಜಯಪುರ ಜಿಲ್ಲೆಯ ಹಳ್ಳಿಯೊಂದರಲ್ಲಿ, ಕಬ್ಬು ಕಡಿಯಲು ಗುಳೆ ಹೋಗುವವರ ಮಕ್ಕಳಿಗಾಗಿ ವರ್ಷಕ್ಕೆ ಆರು ತಿಂಗಳು ವಸತಿ ಕೇಂದ್ರ ನಡೆಸುತ್ತಿದ್ದೇವೆ. ತಂದೆತಾಯಿ ಊರು ಬಿಟ್ಟರೂ ಮಕ್ಕಳು ಇಲ್ಲೇ ಉಳಿದು ಸರ್ಕಾರಿ ಶಾಲೆಗೆ ಹೋಗುತ್ತಾರೆ. ಎರಡು ವರ್ಷಗಳಲ್ಲಿ ದೊಡ್ಡ ಉದ್ಯಮಿ ಕುಟುಂಬಗಳ ನಾಲ್ಕು ಪ್ರತಿಷ್ಠಾನಗಳಿಗೆ ಅರ್ಜಿ ಕಳಿಸಿದೆವು. ಎರಡರಿಂದ ಉತ್ತರವಿಲ್ಲ, ಒಂದು ‘ನಮ್ಮ ಆದ್ಯತೆಯ ಕ್ಷೇತ್ರವಲ್ಲ’ ಎಂದಿತು, ಇನ್ನೊಂದು ಬರುವ ವರ್ಷ ನೋಡೋಣ ಎಂದಿತು. ಈ ಆದ್ಯತೆಗಳನ್ನು ಯಾರು, ಹೇಗೆ ನಿರ್ಧರಿಸುತ್ತಾರೆ? ಶಿಫಾರಸು ಇದ್ದವರಿಗೆ ಮಾತ್ರ ಹಣ ಸಿಗುತ್ತದೆಯೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದವೆಲ್ಲ ಅದಕ್ಕೆ ಅಂಟಿಕೊಂಡೇ ಇವೆ. ಪರಿಚಯದ ಪ್ರಭಾವ ಇದ್ದೇ ಇದೆ. ಆದರೆ ಅರ್ಜಿಗಳನ್ನು ಮೇಜಿನ ಮೇಲೆ ಹರಡಿಕೊಂಡು ಇವರಿಗೆ ಕೊಡೋಣ, ಅವರಿಗೆ ಬೇಡ ಎಂದು ತೀರ್ಮಾನಿಸುವ ಹಂತದಲ್ಲಿ ಅದು ಹೊರಗಿನವರು ಊಹಿಸುವಷ್ಟು ಇರುವುದಿಲ್ಲ. ಅದಕ್ಕೂ ಹಲವು ವರ್ಷ ಮೊದಲು, ಯಾವ ವಿಷಯಕ್ಕೆ ಹಣ ತೆಗೆದಿಡಬೇಕೆಂದು ಕುಟುಂಬ ಮನಸ್ಸು ಮಾಡುವ ಹೊತ್ತಿನಲ್ಲಿ ಅದರ ತೂಕ ಬಹಳ ಹೆಚ್ಚು. ನಿಮ್ಮ ಅರ್ಜಿ ಆ ಕಚೇರಿಯನ್ನು ತಲುಪುವಷ್ಟರಲ್ಲಿ ಮುಖ್ಯವಾದ ಆಯ್ಕೆ ಮುಗಿದೇ ಹೋಗಿರುತ್ತದೆ. ಹಲವು ವರ್ಷ ಇಂಥ ಸಂಸ್ಥೆಗಳ ಅರ್ಜಿಗಳನ್ನು ಓದುವ, ಊರೂರಿಗೆ ಹೋಗಿ ನೋಡಿ ಬರುವ ಕೆಲಸ ಮಾಡಿದವನಾಗಿ ಈ ಮಾತನ್ನು ಹೇಳುತ್ತಿದ್ದೇನೆ.

ಆ ಮುಖ್ಯ ಆಯ್ಕೆ ಹೇಗೆ ನಡೆಯುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲಿ ಟಾಟಾ ಕುಟುಂಬದ ಟ್ರಸ್ಟ್‌ಗಳಿಗಿಂತ ಸ್ಪಷ್ಟವಾದ ಉದಾಹರಣೆ ನನಗೆ ತಿಳಿದಿಲ್ಲ. ಟಾಟಾ ಉದ್ಯಮ ಸಮೂಹವನ್ನು ಸ್ಥಾಪಿಸಿದ ಜಮ್‌ಶೆಟ್‌ಜಿಯವರ ಹಿರಿಯ ಮಗ ಸರ್ ದೊರಾಬ್ಜಿ ಟಾಟಾ ಅವರ ಪತ್ನಿ ಮೆಹೆರ್‌ಬಾಯಿ ನಮ್ಮವರೇ ಎನ್ನಬಹುದು. ಅವರ ತಂದೆ ಎಚ್. ಜೆ. ಭಾಭಾ ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯ ಮುಖ್ಯಸ್ಥರಾಗಿದ್ದರು, ಮಗಳು ಬೆಳೆದದ್ದು ಬೆಂಗಳೂರಿನಲ್ಲಿ. 1931ರಲ್ಲಿ ಮೆಹೆರ್‌ಬಾಯಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ದಂಪತಿಗೆ ಮಕ್ಕಳಿರಲಿಲ್ಲ. ಮರುವರ್ಷ ದೊರಾಬ್ಜಿ ತಮ್ಮ ಆಸ್ತಿಯನ್ನು ಒಂದು ಟ್ರಸ್ಟ್‌ಗೆ ಬರೆದುಕೊಟ್ಟರು. ಪತ್ನಿಯ ಹೆಸರಿನಲ್ಲಿ ರಕ್ತದ ಕ್ಯಾನ್ಸರಿನ ಸಂಶೋಧನೆಗೆಂದೇ ಇನ್ನೊಂದು ಟ್ರಸ್ಟ್ ಸ್ಥಾಪಿಸಿದರು. ಅದೇ 1932ರ ಜೂನ್‌ನಲ್ಲಿ ತೀರಿಕೊಂಡರು. ಮುಂದೆ 1941ರಲ್ಲಿ ಮುಂಬೈಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ತೆರೆಯಿತು. ಆ ಕಾಲದಲ್ಲಿ ಈ ದೇಶದಲ್ಲಿ ಕ್ಯಾನ್ಸರಿಗಿಂತ ಹೆಚ್ಚು ಜನರನ್ನು ಕೊಲ್ಲುತ್ತಿದ್ದ ಮಲೇರಿಯಾ, ಕ್ಷಯ, ಕಾಲರಾ ಇದ್ದವು. ಅಂಕಿಅಂಶವನ್ನು ಮುಂದಿಟ್ಟುಕೊಂಡು ಆರಿಸಿದ್ದರೆ ಕ್ಯಾನ್ಸರ್ ಮೊದಲ ಸಾಲಿನಲ್ಲಿ ಬರುತ್ತಿರಲಿಲ್ಲ. ಒಂದು ಮನೆಯ ದುಃಖ ಆ ಆಯ್ಕೆಯನ್ನು ಮಾಡಿತು. ಇದರಿಂದ ಅದರ ಬೆಲೆ ಕಡಿಮೆಯಾಗುವುದಿಲ್ಲ; ಇಂದು ದೇಶದ ಮೂಲೆಮೂಲೆಯಿಂದ ಬಡ ರೋಗಿಗಳು ಆ ಆಸ್ಪತ್ರೆಯ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಕುಟುಂಬದ ಪ್ರತಿಷ್ಠಾನ ಎಂದಾಗ ಅದರ ಬೇರು ಬಹುಮಟ್ಟಿಗೆ ಇಂಥ ಕಡೆ ಇರುತ್ತದೆ ಎಂಬುದನ್ನು ಮಾತ್ರ ನೀವು ಗಮನಿಸಬೇಕು. ಮಗುವಿನ ಕಾಯಿಲೆ, ಅಜ್ಜನ ಊರು, ತಾಯಿ ಕಲಿಯಲಾಗದೆ ಹೋದ ಶಾಲೆ, ಇವುಗಳಲ್ಲಿ ಯಾವುದೋ ಒಂದು ಟ್ರಸ್ಟ್ ಡೀಡಿನ ಹಿಂದೆ ಇರುತ್ತದೆ.

ಆದರೆ ದುಃಖ ಅಥವಾ ಅಭಿಮಾನ ವಿಷಯವನ್ನು ತೋರಿಸಬಹುದೇ ಹೊರತು ಹಣವನ್ನು ಹೇಗೆ ಖರ್ಚು ಮಾಡಬೇಕೆಂದು ಹೇಳಲಾರದು. ದೊರಾಬ್ಜಿಯವರ ತಮ್ಮ ಸರ್ ರತನ್ ಟಾಟಾ ಇದನ್ನು ಬಹಳ ಮೊದಲೇ ಕಂಡುಕೊಂಡಿದ್ದರು. (2024ರಲ್ಲಿ ತೀರಿಕೊಂಡ ರತನ್ ಟಾಟಾ ಬೇರೆ, ಇವರು 1918ರಲ್ಲಿ ತೀರಿಕೊಂಡವರು.) ತಮ್ಮ ಉಯಿಲಿನಲ್ಲಿ ಅವರು, ಹಣವನ್ನು ಹಳೆಯ ಜಾಡಿನ ದಾನದಂತೆ ಬಳಸದೆ ವಿಜ್ಞಾನವೂ ತತ್ತ್ವಚಿಂತನೆಯೂ ದಿನದಿನಕ್ಕೆ ಚೆಲ್ಲುವ ಹೊಸ ಬೆಳಕಿನಲ್ಲಿ ಬಳಸಬೇಕೆಂದೂ, ತಜ್ಞರು ಮೊದಲು ವಿಚಾರಿಸಿ ನೋಡದ ಹೊರತು ಯಾವ ಯೋಜನೆಯನ್ನೂ ಕೈಗೆತ್ತಿಕೊಳ್ಳಬಾರದೆಂದೂ ಬರೆಸಿದ್ದರು. ನೂರು ವರ್ಷ ಕಳೆದರೂ ಒಳ್ಳೆಯ ಪ್ರತಿಷ್ಠಾನಗಳು ನಡೆಯುವುದು ಇದೇ ಕ್ರಮದಲ್ಲಿ: ವಿಷಯವನ್ನು ಕುಟುಂಬ ಹೇಳುತ್ತದೆ, ಆ ವಿಷಯದೊಳಗೆ ಎಲ್ಲಿ ಕೈಹಾಕಬೇಕೆಂಬುದನ್ನು ವಿಷಯ ಬಲ್ಲವರು ಹೇಳುತ್ತಾರೆ. ಈ ಎರಡನೆಯ ಹಂತವನ್ನು ಬಿಟ್ಟುಬಿಟ್ಟ ಕುಟುಂಬಗಳ ಹಣ ಕಟ್ಟಡ, ಕಮಾನು, ಕಲ್ಲಿನ ಫಲಕಗಳಲ್ಲಿ ಮುಗಿದುಹೋಗಿರುವುದನ್ನು ನಮ್ಮ ಊರುಗಳಲ್ಲೇ ನೋಡಬಹುದು.

ಇನ್ನು ಶಿಫಾರಸಿನ ಮಾತು. 1944ರ ಮಾರ್ಚ್ 12ರಂದು ಭೌತವಿಜ್ಞಾನಿ ಹೋಮಿ ಭಾಭಾ, ದೊರಾಬ್ಜಿ ಟಾಟಾ ಟ್ರಸ್ಟಿನ ಮುಖ್ಯಸ್ಥ ಸರ್ ಸೊರಾಬ್ ಸಕ್ಲಾತ್‌ವಾಲಾ ಅವರಿಗೆ ಒಂದು ಪತ್ರ ಬರೆದರು. ಭಾಭಾ ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು. ಮೂಲಭೂತ ಭೌತವಿಜ್ಞಾನಕ್ಕೆ ದೇಶದಲ್ಲೇ ಒಂದು ಸಂಶೋಧನಾ ಸಂಸ್ಥೆ ಬೇಕೆಂದು ಕೇಳಿದರು. ಭಾಭಾ ಅವರಿಗೆ ಮೆಹೆರ್‌ಬಾಯಿ ಸೋದರತ್ತೆ. ಹಣ ಸಿಕ್ಕಿತು, 1945ರ ಜೂನ್‌ನಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಬೆಂಗಳೂರಿನಲ್ಲೇ ಕೆಲಸ ಆರಂಭಿಸಿ ಅದೇ ವರ್ಷದ ಕೊನೆಗೆ ಮುಂಬೈಗೆ ಹೋಯಿತು. ಅತ್ತೆಯ ಗಂಡ ಕಟ್ಟಿದ ಟ್ರಸ್ಟಿನಿಂದ ಸೋದರಳಿಯನಿಗೆ ಹಣ ಎಂದು ಒಂದೇ ಸಾಲಿನಲ್ಲಿ ಹೇಳಿಬಿಡಬಹುದು, ಹೇಳಿದರೆ ಸುಳ್ಳೂ ಆಗುವುದಿಲ್ಲ. ಆದರೆ ಆ ಪತ್ರ ಏನು ಮಾಡಿತು ನೋಡಿ. ಇನ್ನು ಒಂದೆರಡು ದಶಕಗಳಲ್ಲಿ ಪರಮಾಣು ಶಕ್ತಿಯಿಂದ ವಿದ್ಯುತ್ ತಯಾರಿಸುವ ಕಾಲ ಬಂದಾಗ ಭಾರತ ತಜ್ಞರಿಗಾಗಿ ಹೊರದೇಶದ ಕಡೆ ನೋಡಬೇಕಾಗಿರಬಾರದು, ಅವರು ಇಲ್ಲೇ ಸಿದ್ಧರಾಗಿರಬೇಕು ಎಂಬ ವಾದವನ್ನು ಮುಂದಿಟ್ಟಿತು. ಹಿರೋಶಿಮಾಕ್ಕೆ ಇನ್ನೂ ಒಂದು ವರ್ಷಕ್ಕಿಂತ ಹೆಚ್ಚು ಕಾಲವಿತ್ತು. ಟ್ರಸ್ಟಿನ ಜೊತೆ ಅಂದಿನ ಮುಂಬೈ ಸರ್ಕಾರವೂ ಹೊರೆ ಹಂಚಿಕೊಳ್ಳಲು ಬಂತು. ನೆಂಟಸ್ತಿಕೆ ಪತ್ರವನ್ನು ಓದಿಸಿತು ಎಂಬುದು ನನ್ನ ಅಭಿಪ್ರಾಯ. ಹಣ ಕೊಡಿಸಿದ್ದು ಅದರೊಳಗಿನ ವಾದ. ಇದರಲ್ಲಿ ನಿಮ್ಮಂಥವರಿಗೆ ನೋವಾಗುವ ಸಂಗತಿಯೂ ಇದೆ, ಅದನ್ನು ಮುಚ್ಚಿಡಲಾರೆ: ಅಷ್ಟೇ ಒಳ್ಳೆಯ ವಾದವಿದ್ದೂ ನೆಂಟಸ್ತಿಕೆಯಿಲ್ಲದ ಪತ್ರಗಳು ಓದಿಸಿಕೊಳ್ಳದೆ ಉಳಿಯುತ್ತವೆ.

ಅಂಥ ಒಂದು ಪತ್ರ ನನ್ನ ಕೈಯಲ್ಲೇ ಉಳಿದಿತ್ತು. ಹಲವು ವರ್ಷಗಳ ಹಿಂದೆ ನಾನಿದ್ದ ಕಚೇರಿಗೆ ಬೀದರ್ ಕಡೆಯ ಒಂದು ಮಹಿಳಾ ಸಂಘದಿಂದ ಕನ್ನಡದಲ್ಲಿ ಅರ್ಜಿ ಬಂದಿತ್ತು. ಗೆರೆ ಎಳೆದ ಉದ್ದ ಹಾಳೆಗಳ ಮೇಲೆ ದುಂಡಾದ ಕೈಬರಹ, ಕೊನೆಯ ಹಾಳೆಯಲ್ಲಿ ಖರ್ಚಿನ ಪಟ್ಟಿ. ನಿರ್ಧರಿಸುವ ಸಮಿತಿ ಓದುತ್ತಿದ್ದುದು ಇಂಗ್ಲಿಷಿನಲ್ಲಿ ಮಾತ್ರ. ಅನುವಾದಿಸಿ ಮುಂದಿಡುವುದು ನನ್ನ ಕೆಲಸವಾಗಿತ್ತು, ಸಭೆಗೆ ನಾಲ್ಕು ದಿನವಿತ್ತು, ನಾನು ಅದನ್ನು ಮುಂದಿನ ಸಭೆಗೆ ಇಟ್ಟೆ. ಮುಂದಿನ ಸಭೆಯ ಹೊತ್ತಿಗೆ ಆ ವರ್ಷದ ಹಣ ಹಂಚಿಕೆಯಾಗಿತ್ತು. ಆ ಹೆಣ್ಣುಮಕ್ಕಳು ಕೇಳಿದ್ದ ಮೊತ್ತ ಅಂದು ನಾವು ಮಂಜೂರು ಮಾಡಿದ ಇತರ ಅನುದಾನಗಳ ಮುಂದೆ ಬಹಳ ಸಣ್ಣದು. ಇಂಗ್ಲಿಷಿನಲ್ಲಿ ಬರೆಯಬಲ್ಲವರನ್ನು ಸಂಬಳ ಕೊಟ್ಟು ಇಟ್ಟುಕೊಳ್ಳಬಲ್ಲ ಸಂಸ್ಥೆಗಳೇ ಮತ್ತೆ ಮತ್ತೆ ಹಣ ಪಡೆಯುವುದು ಈ ಇಡೀ ವ್ಯವಸ್ಥೆಯ ದೊಡ್ಡ ಅನ್ಯಾಯ ಎಂದು ಅಂದಿನಿಂದ ನಂಬಿದ್ದೇನೆ.

ಈಗ ನಿಮಗೆ ಬಂದ ‘ಆದ್ಯತೆಯ ಕ್ಷೇತ್ರವಲ್ಲ’ ಎಂಬ ಉತ್ತರವನ್ನು ಬಿಡಿಸಿ ನೋಡೋಣ. ವಿಷಯ ಗೊತ್ತಾದ ಮೇಲೆ ಪ್ರತಿಷ್ಠಾನದ ಒಳಗೆ ಕೇಳಿಕೊಳ್ಳುವ ಪ್ರಶ್ನೆಗಳು ಕೆಲವೇ. ತೊಂದರೆ ಎಷ್ಟು ಜನರದು ಮತ್ತು ಎಷ್ಟು ಆಳದ್ದು? ಅದಕ್ಕೆ ತಿಳಿದಿರುವ ಪರಿಹಾರವಿದೆಯೇ? ಈಗಾಗಲೇ ಬೇರೆ ಯಾರಾದರೂ ಸಾಕಷ್ಟು ಹಣ ಹಾಕುತ್ತಿದ್ದಾರೆಯೇ? ನಾವು ಹೊರಬಂದ ಮೇಲೆ ಅದನ್ನು ನಡೆಸುವವರು ಯಾರು? ಅಮೆರಿಕದ ರಾಕ್‌ಫೆಲರ್ ಕುಟುಂಬ 1909ರಲ್ಲಿ ತನ್ನ ದೇಶದ ದಕ್ಷಿಣದ ರಾಜ್ಯಗಳಲ್ಲಿ ಕೊಕ್ಕೆಹುಳುವಿನ ಕಾಯಿಲೆಯನ್ನು ಆರಿಸಿಕೊಂಡು 10 ಲಕ್ಷ ಡಾಲರ್ ಕೊಟ್ಟಾಗ ಈ ಪ್ರಶ್ನೆಗಳಿಗೆಲ್ಲ ನೇರವಾದ ಉತ್ತರಗಳಿದ್ದವು. ಬರಿಗಾಲಿನಲ್ಲಿ ನಡೆಯುವ ಬಡವರನ್ನು ಸೋಮಾರಿಗಳೆಂದು ಕರೆಯುವಷ್ಟು ನಿತ್ರಾಣ ಮಾಡುತ್ತಿದ್ದ ಕಾಯಿಲೆ ಅದು. ಕಾರಣ ಗೊತ್ತಿತ್ತು, ಔಷಧಿ ಅಗ್ಗವಾಗಿತ್ತು, ಸರ್ಕಾರಗಳು ಗಮನ ಕೊಟ್ಟಿರಲಿಲ್ಲ. ಸ್ಥಳೀಯ ಆಡಳಿತಗಳೂ ತಮ್ಮ ಪಾಲಿನ ಹಣ ಹಾಕುವಂತೆ ಮಾಡಿದ್ದರಿಂದ ಆರೋಗ್ಯ ಇಲಾಖೆಗಳು ಗಟ್ಟಿಯಾದವು. ಆದರೂ ಕೊರತೆ ಉಳಿಯಿತು. ಮಾತ್ರೆ ಕೊಟ್ಟಷ್ಟು ಸುಲಭವಾಗಿ, ಹುಳು ಮಣ್ಣಿಗೆ ಸೇರದಂತೆ ತಡೆಯುವ ಶೌಚಾಲಯ ಕಟ್ಟಿಸಲಾಗಲಿಲ್ಲ, ಹುಳು ಹಲವೆಡೆ ಮರಳಿ ಬಂತು. ಅಳೆಯಲು ಸುಲಭವಾದದ್ದನ್ನು ಆರಿಸಿಕೊಳ್ಳುವ ಅಭ್ಯಾಸ ದಾನದ ಲೋಕಕ್ಕೆ ಅಂದಿನಿಂದಲೂ ಇದೆ.

ನಮ್ಮಲ್ಲಿ ಹತ್ತಿರದ ಉದಾಹರಣೆ ಬೇಕಾದರೆ, ರೋಹಿಣಿ ನಿಲೇಕಣಿಯವರು ಸ್ವಂತದ 100 ಕೋಟಿ ರೂಪಾಯಿಯ ನಿಧಿಯಿಂದ ಬೆಂಗಳೂರಿನಲ್ಲಿ ನಡೆಸಿದ ಅರ್ಘ್ಯಂ 2005ರಿಂದ ನೀರಿನ ವಿಷಯ ಒಂದನ್ನೇ ಹಿಡಿದುಕೊಂಡಿತು. ಶಿಕ್ಷಣ, ಆರೋಗ್ಯಗಳಿಗೆ ಕೊಡುವ ದಾನಿಗಳು ಅನೇಕರಿದ್ದು ನೀರಿಗೆ ಕೊಡುವವರು ವಿರಳವಾಗಿದ್ದ ಕಾಲದಲ್ಲಿ ಅದು ಯೋಚಿಸಿ ಮಾಡಿದ ಆಯ್ಕೆ. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ದಾರಿ ಬೇರೆ. ಸರ್ಕಾರಿ ಶಾಲೆಗಳನ್ನೇ ತನ್ನ ವಿಷಯ ಮಾಡಿಕೊಂಡು ಯಾದಗಿರಿಯಂಥ ಜಿಲ್ಲೆಗಳಲ್ಲಿ ತನ್ನದೇ ಸಿಬ್ಬಂದಿಯನ್ನು ಇಟ್ಟು ಶಿಕ್ಷಕರ ಜೊತೆ ವರ್ಷಗಟ್ಟಲೆ ದುಡಿದ ಮೇಲೆ ಅದು ಇತರರಿಗೆ ದೊಡ್ಡ ಪ್ರಮಾಣದಲ್ಲಿ ಅನುದಾನ ಕೊಡತೊಡಗಿತು. 2024ರಲ್ಲಿ ಕರ್ನಾಟಕ ಸರ್ಕಾರದೊಂದಿಗೆ ಅದು ಮಾಡಿಕೊಂಡ ಒಪ್ಪಂದವನ್ನು ನೋಡಿ. ಬಿಸಿಯೂಟದಲ್ಲಿ ಸರ್ಕಾರ ವಾರಕ್ಕೆ ಎರಡು ದಿನ ಮೊಟ್ಟೆ ಕೊಡುತ್ತಿತ್ತು. ಉಳಿದ ನಾಲ್ಕು ದಿನದ ಮೊಟ್ಟೆಗೆ ಪ್ರತಿಷ್ಠಾನ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ ಕೊಡಲು ಒಪ್ಪಿತು. ಅಡುಗೆಮನೆ ಇತ್ತು, ಅಡುಗೆಯವರಿದ್ದರು, ಮಕ್ಕಳ ಹಾಜರಿ ಪುಸ್ತಕ ಇತ್ತು. ಹಣವೊಂದು ಸೇರಿದ ಕೂಡಲೇ ಲಕ್ಷಾಂತರ ತಟ್ಟೆಗಳಿಗೆ ಮೊಟ್ಟೆ ಬಂತು. ಈಗಾಗಲೇ ನಿಂತಿರುವ ಸರ್ಕಾರಿ ವ್ಯವಸ್ಥೆಗೆ ಹಣವನ್ನು ಜೋಡಿಸುವ ಈ ರೀತಿ ದೊಡ್ಡ ಪ್ರತಿಷ್ಠಾನಗಳಿಗೆ ಬಹಳ ಹಿಡಿಸುತ್ತದೆ, ಹಿಡಿಸುವುದು ಸರಿಯೂ ಹೌದು. ನಿಮ್ಮ ಕೇಂದ್ರದ ವಿಷಯಕ್ಕೆ ಬಂದಾಗ ಈ ಮಾತಿಗೆ ಮರಳುತ್ತೇನೆ.

ಈ ಪ್ರಶ್ನೆಗಳ ಜರಡಿಯಲ್ಲಿ ಕೆಳಗೆ ಬೀಳುವ ವಿಷಯಗಳೂ ಇವೆ. ವಯಸ್ಸಾದವರ ಆರೈಕೆ, ಬುದ್ಧಿಮಾಂದ್ಯತೆಯಿರುವ ದೊಡ್ಡವರ ವಸತಿ, ಕೂಲಿಕಾರರಿಗೆ ಕಾನೂನಿನ ನೆರವು, ಇಂಥವಕ್ಕೆ ಹಣ ಸಿಗುವುದು ಬಹಳ ಕಷ್ಟ. ಕೆಲವಕ್ಕೆ ‘ಫಲಿತಾಂಶ’ ತೋರಿಸಲಾಗುವುದಿಲ್ಲ. ಇನ್ನು ಕೆಲವು ಕುಟುಂಬದ ವ್ಯಾಪಾರಕ್ಕೆ ಮುಜುಗರ ತರುತ್ತವೆ. 1914ರಲ್ಲಿ ರಾಕ್‌ಫೆಲರ್ ಕುಟುಂಬದ ಹಿಡಿತದಲ್ಲಿದ್ದ ಕೊಲೊರಾಡೋದ ಗಣಿ ಕಂಪನಿಯ ಮುಷ್ಕರದಲ್ಲಿ, ಲಡ್‌ಲೋ ಎಂಬಲ್ಲಿ ಕಾರ್ಮಿಕರ ಹೆಂಡತಿ ಮಕ್ಕಳೂ ಸತ್ತರು. ಅದೇ ವರ್ಷ ಕುಟುಂಬದ ಫೌಂಡೇಶನ್ ಕಾರ್ಮಿಕ ಸಂಬಂಧಗಳ ಅಧ್ಯಯನಕ್ಕೆ ಮುಂದಾದಾಗ ಅಮೆರಿಕದ ಸರ್ಕಾರಿ ಆಯೋಗವೇ ಇದರ ಉದ್ದೇಶವನ್ನು ಪ್ರಶ್ನಿಸಿತು. ದಾನದ ಹಣ ಎಲ್ಲಿಂದ ಬರುತ್ತದೆ, ಅದು ಯಾವುದರ ಬಗ್ಗೆ ಮಾತಾಡದೆ ಉಳಿಯುತ್ತದೆ ಎಂದು ಕೇಳುವ ಹಕ್ಕು ಸಮಾಜಕ್ಕೆ ಇದೆ. ಅರ್ಜಿದಾರರಾದ ನಿಮಗೂ ಇದೆ.

ಹಣದ ಲೆಕ್ಕವನ್ನೂ ತಿಳಿದುಕೊಂಡರೆ, ಎರಡು ಪ್ರತಿಷ್ಠಾನಗಳು ಉತ್ತರಿಸದೆ ಉಳಿದದ್ದನ್ನು ನೀವು ಅವಮಾನವೆಂದು ತೆಗೆದುಕೊಳ್ಳುವುದಿಲ್ಲ. ವರ್ಷಕ್ಕೆ 24 ಕೋಟಿ ರೂಪಾಯಿ ಅನುದಾನ ಕೊಡುವ ಒಂದು ಪ್ರತಿಷ್ಠಾನವಿದೆ ಎಂದುಕೊಳ್ಳಿ. ಅದು ಮೂರು ಮೂರು ವರ್ಷಕ್ಕೆ ಮಾತು ಕೊಡುವುದಾದರೆ, ಯಾವುದೇ ಒಂದು ವರ್ಷದಲ್ಲಿ ಬಿಡುವಾಗುವುದು ಸುಮಾರು 8 ಕೋಟಿ. ಚೆನ್ನಾಗಿ ಕೆಲಸ ಮಾಡಿದ ಹಳೆಯ ಸಂಸ್ಥೆಗಳಿಗೆ ಮುಂದುವರಿಸಲು ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗುತ್ತದೆ. ಉಳಿದ ಮೂರೂವರೆ ಕೋಟಿಯಲ್ಲಿ ತಲಾ 40 ಲಕ್ಷದಂತೆ ಕೊಟ್ಟರೆ ಹೊಸಬರು ಎಂಟೋ ಒಂಬತ್ತೋ ಮಂದಿ. ಆ ಎಂಟು ಸ್ಥಾನಗಳಿಗೆ ನೂರಾರು ಅರ್ಜಿ. ಕಾನೂನಿನ ಕಟ್ಟುಗಳು ಬೇರೆ ಇವೆ. ನಮ್ಮ ಆದಾಯ ತೆರಿಗೆಯ ನಿಯಮದಂತೆ ಧರ್ಮಾರ್ಥ ಟ್ರಸ್ಟ್ ತನ್ನ ಆದಾಯದ ಶೇಕಡಾ 85ರಷ್ಟನ್ನು ಉದ್ದೇಶಕ್ಕೆ ಬಳಸಬೇಕು. 2023ರ ಬದಲಾವಣೆಯಾದ ಮೇಲೆ ಇನ್ನೊಂದು ಟ್ರಸ್ಟಿಗೆ 100 ರೂಪಾಯಿ ಕೊಟ್ಟರೆ 85 ರೂಪಾಯಿಯಷ್ಟೇ ಬಳಸಿದಂತೆ ಲೆಕ್ಕ. ವಿದೇಶಿ ದೇಣಿಗೆಯನ್ನು ಒಂದು ಸಂಸ್ಥೆ ಇನ್ನೊಂದಕ್ಕೆ ದಾಟಿಸುವುದು 2020ರ ತಿದ್ದುಪಡಿಯಿಂದ ಪೂರ್ತಿ ನಿಂತಿದೆ. ಪ್ರತಿಷ್ಠಾನಗಳು ಇತರರಿಗೆ ಕೊಡುವ ಬದಲು ತಾವೇ ಕೆಲಸ ನಡೆಸಲು ಒಲವು ತೋರುವುದಕ್ಕೆ ಇವೂ ಕಾರಣ.

ಕುಟುಂಬದ ಪ್ರತಿಷ್ಠಾನಕ್ಕೂ ಅದೇ ಕುಟುಂಬದ ಕಂಪನಿಯ ಸಿಎಸ್‌ಆರ್ ಹಣಕ್ಕೂ ವ್ಯತ್ಯಾಸವಿದೆ ಎಂಬುದನ್ನು ನಿಮ್ಮ ಪತ್ರ ಗಮನಿಸಿದಂತೆ ಕಾಣಲಿಲ್ಲ. ಸಿಎಸ್‌ಆರ್ ಎಂದರೆ 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಖರ್ಚು ಮಾಡಬೇಕಾದ ಹಣ. ಅದು ಕಾರ್ಖಾನೆಯ ಸುತ್ತಲಿನ ಊರುಗಳ ಕಡೆ ಹರಿಯುತ್ತದೆ, ಮಾರ್ಚ್ ತಿಂಗಳ ಗಡುವಿಗೆ ಓಡುತ್ತದೆ. ಕುಟುಂಬದ ಸ್ವಂತ ಹಣಕ್ಕೆ ಆ ಅವಸರವಿಲ್ಲ. ಹತ್ತು ವರ್ಷ ಕಾಯಬಲ್ಲದು. ನಿಮ್ಮ ಕೆಲಸಕ್ಕೆ ಬೇಕಾಗಿರುವುದು ಎರಡನೆಯ ಬಗೆಯ ಹಣ.

ಈಗ ನಿಮ್ಮ ಕೇಂದ್ರದ ಮಾತು. ನೀವು ಕಳಿಸಿದ ಅರ್ಜಿಯ ಪ್ರತಿಯನ್ನು ಓದಿದೆ. ಅದರಲ್ಲಿ ಬಡತನದ ವಿವರಣೆ ಎರಡು ಪುಟ, ನಿಮ್ಮ ಸಂಸ್ಥೆಯ ಧ್ಯೇಯ ಒಂದು ಪುಟ, ಮಕ್ಕಳ ವಿಷಯ ಅರ್ಧ ಪುಟ ಇದೆ. ಅದನ್ನು ತಿರುಗಿಸಿ ಬರೆಯಬೇಕು. ನೀವು ‘ವಸತಿ ಕೇಂದ್ರ’ ಎಂದು ಬರೆದ ಕೂಡಲೇ ಓದುವವರು ಅದನ್ನು ಹಾಸ್ಟೆಲ್‌ಗಳ ಕಡತಕ್ಕೆ ಹಾಕುತ್ತಾರೆ, ಹಾಸ್ಟೆಲ್ ಕಟ್ಟುವುದನ್ನು ಬಹುತೇಕ ಪ್ರತಿಷ್ಠಾನಗಳು ಬಿಟ್ಟುಬಿಟ್ಟಿವೆ. ನೀವು ಮಾಡುತ್ತಿರುವುದು ಸರ್ಕಾರಿ ಶಾಲೆಯಲ್ಲಿ ಹೆಸರಿದ್ದೂ ಗೈರುಹಾಜರಾಗುವ ಮಗುವನ್ನು ತರಗತಿಯಲ್ಲಿ ಉಳಿಸುವ ಕೆಲಸ. ಶಾಲೆ ಇದೆ, ಶಿಕ್ಷಕರಿದ್ದಾರೆ, ಬಿಸಿಯೂಟವಿದೆ. ಮಗುವಿಗೆ ರಾತ್ರಿ ಮಲಗಲು ಜಾಗವೂ ಎರಡು ಹೊತ್ತಿನ ಊಟವೂ ನೋಡಿಕೊಳ್ಳುವ ಒಬ್ಬರೂ ಇದ್ದರೆ ಅವೆಲ್ಲ ಆ ಮಗುವಿಗೆ ದಕ್ಕುತ್ತವೆ. ಮೊಟ್ಟೆಯ ಉದಾಹರಣೆ ಹೇಳಿದ್ದು ಇದಕ್ಕಾಗಿ. ಒಂದು ಮಗುವಿಗೆ ಆರು ತಿಂಗಳಿಗೆ ನೀವು ಮಾಡುವ ಖರ್ಚನ್ನು ಅರ್ಜಿಯ ಮೊದಲ ಪುಟದಲ್ಲೇ ಬರೆಯಿರಿ. ನೀವು ಹಣ ಕೇಳುವ ಕುಟುಂಬಕ್ಕೆ ಸಕ್ಕರೆ ಕಾರ್ಖಾನೆಯ ವ್ಯವಹಾರವಿದೆಯೇ ಎಂಬುದನ್ನೂ ಮೊದಲೇ ತಿಳಿದುಕೊಳ್ಳಿ; ಇದ್ದರೆ ಕೇಳಬಾರದೆಂದು ನಾನು ಹೇಳುವುದಿಲ್ಲ, ಕಬ್ಬು ಕಡಿಯುವವರ ಬಗ್ಗೆ ನಿಮ್ಮ ವರದಿ ಏನು ಹೇಳಬಹುದು ಎಂಬುದನ್ನು ಹಣ ಪಡೆಯುವ ಮುಂಚೆಯೇ ಲಿಖಿತವಾಗಿ ಒಪ್ಪಿಸಿಕೊಳ್ಳಿ.

ಕಾಗದಪತ್ರಗಳಲ್ಲಿ ಸಂಸ್ಥೆಗೆ ಆದಾಯ ತೆರಿಗೆ ವಿನಾಯಿತಿ ಕೊಡಿಸುವ ನೋಂದಣಿ, ದಾನಿಗೆ ತೆರಿಗೆ ರಿಯಾಯಿತಿ ಕೊಡಿಸುವ ಅನುಮೋದನೆ (ಇವನ್ನು 12ಎ, 80ಜಿ ಎಂದು ಕರೆಯುವುದು ರೂಢಿ), ಮೂರು ವರ್ಷದ ಆಡಿಟ್ ವರದಿ ಇಷ್ಟಿದ್ದರೆ ಬಾಗಿಲು ದಾಟಬಹುದು. ಅದಕ್ಕಿಂತ ಹೆಚ್ಚಾಗಿ ನಾನು ನಂಬುವುದು ಊರಿಗೆ ಹೋದಾಗ ಕಂಡದ್ದನ್ನು. ಒಮ್ಮೆ ಒಂದು ಸಣ್ಣ ಸಂಸ್ಥೆಗೆ ಹೋದಾಗ ಲೆಕ್ಕ ಬರೆಯುವ ಹೆಣ್ಣುಮಗಳು ಖರ್ಚಿನ ಪುಸ್ತಕ ತೆಗೆದು, ಜ್ವರ ಬಂದ ಮಗುವನ್ನು ರಾತ್ರಿ ತಾಲ್ಲೂಕು ಆಸ್ಪತ್ರೆಗೆ ಒಯ್ದ ಆಟೋದ 180 ರೂಪಾಯಿಯ ಚೀಟಿಯನ್ನು ತೋರಿಸಿದರು. ಚೀಟಿಯ ಹಿಂದೆ ಮಗುವಿನ ಹೆಸರು, ಹೊರಟ ಸಮಯ, ಜೊತೆಗೆ ಹೋದವರ ಸಹಿ ಇತ್ತು. ಆ ಸಂಸ್ಥೆಯ ಬಗ್ಗೆ ನಾನು ಬರೆದ ವರದಿಯಲ್ಲಿ ಆ ಚೀಟಿಗೆ ಒಂದು ಇಡೀ ಪರಿಚ್ಛೇದ ಸಿಕ್ಕಿತು, ಅನುದಾನವೂ ಸಿಕ್ಕಿತು.

ಬರುವ ವರ್ಷ ನೋಡೋಣ ಎಂದವರಿಗೆ ಈಗಲೇ ಬರೆಯಿರಿ. ಹೊಸ ಅರ್ಜಿ ಕಳಿಸಬೇಡಿ. ಅವರ ಕಾರ್ಯಕ್ರಮ ಅಧಿಕಾರಿಯನ್ನು ನಿಮ್ಮ ಊರಿಗೆ ಬರಲು ಕರೆಯಿರಿ. ಜೂನ್‌ನಲ್ಲಿ ಬಂದರೆ ಕೇಂದ್ರ ಖಾಲಿ ಇರುತ್ತದೆ, ಅವರು ನಾಲ್ಕು ಗೋಡೆ ನೋಡಿ ಹೋಗುತ್ತಾರೆ. ಕಾರ್ಖಾನೆಗಳು ಕಬ್ಬು ನುರಿಸುತ್ತಿರುವ ಡಿಸೆಂಬರ್‌ನಲ್ಲಿ, ಸಂಜೆಯ ಬಸ್ಸಿಗೆ ಬರಲು ಹೇಳಿ. ಮಕ್ಕಳು ಊಟಕ್ಕೆ ಕೂರುವ ಹೊತ್ತಿಗೆ ಶಾಲೆಯ ಹಾಜರಿ ಪುಸ್ತಕದ ಎರಡು ಪ್ರತಿಗಳನ್ನು ಅವರ ಮುಂದಿಡಿ: ನಿಮ್ಮ ಕೇಂದ್ರ ಆರಂಭವಾಗುವ ಹಿಂದಿನ ವರ್ಷದ ಡಿಸೆಂಬರ್‌ನದು ಒಂದು, ಈ ಡಿಸೆಂಬರ್‌ನದು ಇನ್ನೊಂದು.